ಪುಲಿ ಹುಲಿಯಾಗುವಾಗ

ರಾಯಲಸೀಮೆಯ ಎರಡು ಮನೆತನಗಳ ಹಗೆಯನ್ನು ಕುರಿತ ತೆಲುಗು ಆಕ್ಷನ್ ಚಿತ್ರವೊಂದಕ್ಕೆ ಕನ್ನಡ ಸಂಭಾಷಣೆ ಬರೆಯುವ ಕೆಲಸ ಬಂದಾಗ, ಎರಡೂ ಭಾಷೆಗಳನ್ನು ಬಲ್ಲ ನನಗೆ ಅದು ಕಷ್ಟವಾಗಲಾರದೆಂದು ಭಾವಿಸಿದ್ದೆ. ಹೊಡೆದಾಟದ ದೃಶ್ಯಗಳು ಬೇಗನೆ ಮುಗಿದವು, ಏಕೆಂದರೆ ಅಲ್ಲಿ ಕ್ಯಾಮೆರಾ ಬಾಯಿಯ ಮೇಲೆ ನಿಲ್ಲುವುದಿಲ್ಲ. ವಾರಗಟ್ಟಲೆ ಹಿಡಿದಿಟ್ಟದ್ದು ಹೊಡೆದಾಟಕ್ಕೆ ಮುಂಚಿನ ಕ್ಲೋಸಪ್‌ಗಳು. ಕನ್ನಡದಲ್ಲಿ ದಶಕಗಳ ಕಾಲ ಡಬ್ಬಿಂಗ್ ನಡೆಯದೆ, ಡಬ್ಬಿಂಗ್ ತಡೆಯುವುದು ತಪ್ಪೆಂದ 2015ರ ಭಾರತೀಯ ಸ್ಪರ್ಧಾ ಆಯೋಗದ ಆದೇಶದ ನಂತರ ನಿಧಾನವಾಗಿ ದಾರಿ ತೆರೆದುಕೊಂಡಿದ್ದರಿಂದ, ಕೇಳಿ ಕಲಿಯೋಣವೆಂದರೆ ಈ ಕಸುಬಿನ ಹಿರಿಯರು ವಿರಳ.

ಪ, ಬ, ಮ ಅಕ್ಷರಗಳನ್ನು ನುಡಿಯುವಾಗ ತುಟಿಗಳು ಮುಚ್ಚಲೇಬೇಕು. ತೆರೆಯ ಮೇಲೆ ತುಟಿ ಮುಚ್ಚಿದಾಗ ಕಿವಿಗೆ ಅಂಥ ಅಕ್ಷರ ಬೀಳದಿದ್ದರೆ ಮಾತು ಬೇರೆಯವರದೆಂದು ಪ್ರೇಕ್ಷಕರಿಗೆ ತಕ್ಷಣ ತಿಳಿಯುತ್ತದೆ. ತೆಲುಗು ಮತ್ತು ಕನ್ನಡ ಎಷ್ಟು ಹತ್ತಿರವೋ ಇಲ್ಲಿ ಅಷ್ಟೇ ದೂರ. ಅವರ ಪುಲಿ, ಪಗ, ಪಲ್ಲೆ, ಪಾಮುಗಳು ನಮ್ಮಲ್ಲಿ ಹುಲಿ, ಹಗೆ, ಹಳ್ಳಿ, ಹಾವುಗಳು. ಪಂಪನ ಕಾಲದ ಕನ್ನಡದಲ್ಲಿಯೂ ಅದು ಪುಲಿಯೇ ಆಗಿತ್ತು. ಆಮೇಲೆ ನಮ್ಮ ಪಕಾರ ಹಕಾರವಾಯಿತು, ತೆಲುಗಿನದು ಉಳಿಯಿತು. ಅವರ ವಿಲ್ಲು ನಮ್ಮ ಬಿಲ್ಲು ಆಗುವಲ್ಲಿ ಇದೇ ತೊಡಕು ತಿರುಗುಮುರುಗಾಗಿ ಎದುರಾಗುತ್ತದೆ. ಸೇಡಿನ ಕಥೆಯಲ್ಲಿ ಈ ಪದಗಳಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ.

ಹಾಗಾಗಿ ನಾನು ಅರ್ಥವನ್ನು ಬದಿಗಿಟ್ಟು, ಧ್ವನಿಯನ್ನು ಪೂರ್ತಿ ನಿಲ್ಲಿಸಿ, ಪ್ರತಿ ತುಣುಕನ್ನೂ ನೋಡುತ್ತಾ ತುಟಿ ಮುಚ್ಚಿದ ಕಡೆಯೆಲ್ಲ ಕಾಗದದ ಮೇಲೆ ಗೆರೆ ಎಳೆದೆ. ಆಮೇಲೆ ಆ ಗೆರೆಗಳಿಗೆ ಹೊಂದುವ ಕನ್ನಡವನ್ನು ಹುಡುಕಿದೆ. 'ಚಂಪೇಸ್ತಾ' ಎಂಬುದಕ್ಕೆ ಮೊದಲು ಬರೆದ 'ಕೊಲ್ಲುತ್ತೇನೆ' ಎಲ್ಲಿಯೂ ತುಟಿಯನ್ನು ಮುಟ್ಟಿಸುವುದಿಲ್ಲ. 'ಕೊಂದ್ಬಿಡ್ತೀನಿ' ಎಂದು ಬದಲಿಸಿದಾಗ ಬಕಾರ ಸರಿಯಾಗಿ ಆ ಪಕಾರದ ಜಾಗದಲ್ಲಿ ಕುಳಿತಿತು. ಅದು ನನಗೆ ತುಂಬ ಸಂತೋಷ ಕೊಟ್ಟ ಗಳಿಗೆ.

ಆಡುಮಾತಿನ ಆಯ್ಕೆ ಇನ್ನೊಂದು ಪ್ರಶ್ನೆಯಾಗಿತ್ತು. ನಿರ್ಮಾಣದವರು ಬೆಂಗಳೂರಿನ ಸಾಧಾರಣ ಕನ್ನಡವನ್ನು ಬಯಸಿದ್ದರು. ನಾನು ಬಳ್ಳಾರಿಯ ಮಾತನ್ನೇ ಒತ್ತಾಯಿಸಿದೆ. 1800ರಲ್ಲಿ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ ಬಳ್ಳಾರಿ, ಅನಂತಪುರ, ಕಡಪ ಒಟ್ಟಿಗೇ ಇದ್ದವು, ತೆಲುಗು ಚಿತ್ರ ವಿತರಕರು ಇಂದಿಗೂ ರಾಯಲಸೀಮೆಯನ್ನು 'ಸೀಡೆಡ್', ಅಂದರೆ ಬಿಟ್ಟುಕೊಟ್ಟದ್ದು, ಎಂದೇ ಕರೆಯುತ್ತಾರೆ, ಮತ್ತು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಆ ಕೆಂಡದ ಬಿಸಿಲಿನ ಮಾತಿಗೆ ಹತ್ತಿರದ ಬಿಸಿಲು ನಮ್ಮಲ್ಲಿಯೇ ಇರುವಾಗ ಬೇರೆಡೆ ಏಕೆ ಹೋಗಬೇಕು? ಕೊನೆಗೆ ಹಳ್ಳಿಯ ಪಾತ್ರಗಳಿಗೆ ಮಾತ್ರ ಒಪ್ಪಿಗೆ ಸಿಕ್ಕಿತು, ನಾಯಕನಿಗೆ ಸಿಗಲಿಲ್ಲ. ಅದು ತಪ್ಪು ನಿರ್ಧಾರವೆಂದು ಈಗಲೂ ನನ್ನ ಅಭಿಪ್ರಾಯ.

ನಾಯಕನು ಎದುರಾಳಿಯ ಕಣ್ಣಲ್ಲಿ ಕಣ್ಣಿಟ್ಟು 'ಪುಲಿ' ಎಂಬ ಒಂದೇ ಪದವನ್ನು ನುಡಿಯುವ ಕ್ಲೋಸಪ್ಪಿಗೆ ಮಾತ್ರ ಯಾವ ಪದವೂ ಒಗ್ಗಲಿಲ್ಲ. 'ಮೃಗ' ತುಟಿಗೆ ಹೊಂದಿದರೂ ಹುಲಿಯ ಗತ್ತನ್ನು ಕಳೆಯುತ್ತಿತ್ತು. ಧ್ವನಿ ಕೊಡುತ್ತಿದ್ದ ಕಲಾವಿದರು ಎರಡು ಬಾರಿ ದೃಶ್ಯ ನೋಡಿ, ಮೂರನೆಯ ಬಾರಿ ತುಟಿ ಬಿಗಿದು ಗಂಟಲಿನಲ್ಲಿ ಸಣ್ಣಗೆ ಗುರುಗುಟ್ಟಿ, ಆ ಉಸಿರಿನಲ್ಲಿಯೇ 'ಹುಲಿ' ಎಂದರು. ಹಾಳೆಯ ಮೇಲಿದ್ದ ಪದವನ್ನು ನಾನು ಬದಲಿಸಲಿಲ್ಲ.