ವಿಶ್ವ ಅಥ್ಲೆಟಿಕ್ಸ್ ಫಲಿತಾಂಶ ಓದುವುದು ಹೇಗೆ? ಪದಕ ಪಟ್ಟಿಯನ್ನು ಕೊನೆಗೆ ನೋಡಿ

ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ಶುರುವಾದರೆ ಸಾಕು, ನಾವೆಲ್ಲ ಮೊದಲು ತೆರೆಯುವುದು ಪದಕ ಪಟ್ಟಿ. ಯಾರಿಗೆ ಎಷ್ಟು ಚಿನ್ನ, ನಮ್ಮ ದೇಶ ಎಲ್ಲಿದೆ, ಇಷ್ಟು ನೋಡಿ ಮುಚ್ಚಿಬಿಡುತ್ತೇವೆ. ದಯವಿಟ್ಟು ಆ ಪಟ್ಟಿಯನ್ನು ಕೊನೆಗೆ ನೋಡಿ. ಮೊದಲು ಒಂದೊಂದು ಸ್ಪರ್ಧೆಯ ಫಲಿತಾಂಶದ ಹಾಳೆ ಓದಿ. ಅದರಲ್ಲಿರುವ ಗುರುತುಗಳು ಒಮ್ಮೆ ಅರ್ಥವಾದರೆ, ನೇರ ಪ್ರಸಾರ ತಪ್ಪಿಸಿಕೊಂಡಿದ್ದರೂ ಆವತ್ತು ಮೈದಾನದಲ್ಲಿ ಏನಾಯಿತು ಅಂತ ಮುಕ್ಕಾಲು ಪಾಲು ಗೊತ್ತಾಗುತ್ತದೆ.

ಕೂಟದ ಬಗ್ಗೆ ಎರಡು ಮಾತು. ಇದು ಮೊದಲು ನಡೆದದ್ದು 1983ರಲ್ಲಿ, ಹೆಲ್ಸಿಂಕಿಯಲ್ಲಿ. 1991ರವರೆಗೆ ನಾಲ್ಕು ವರ್ಷಕ್ಕೊಮ್ಮೆ ಇತ್ತು, ಆಮೇಲೆ ಎರಡು ವರ್ಷಕ್ಕೊಮ್ಮೆ ಬೆಸ ವರ್ಷಗಳಲ್ಲಿ ಆಯಿತು. ಕೋವಿಡ್‌ನಿಂದ ಒಲಿಂಪಿಕ್ಸ್ ಮುಂದಕ್ಕೆ ಹೋಯಿತಲ್ಲ, ಆ ಒಂದು ಸಲ ಮಾತ್ರ ಇದು 2021ರ ಬದಲು 2022ರಲ್ಲಿ ಅಮೆರಿಕದ ಯೂಜೀನ್‌ನಲ್ಲಿ ನಡೆಯಿತು. 2023ರಲ್ಲಿ ಬುಡಾಪೆಸ್ಟ್, 2025ರಲ್ಲಿ ಟೋಕಿಯೊ. ಬುಡಾಪೆಸ್ಟ್, ಟೋಕಿಯೊ ಎರಡರಲ್ಲೂ ಒಂಬತ್ತು ದಿನ, 49 ಸ್ಪರ್ಧೆ.

ಅಷ್ಟನ್ನೂ ಓದಲು ಹೋಗಬೇಡಿ, ಎರಡೇ ದಿನಕ್ಕೆ ಸುಸ್ತಾಗುತ್ತದೆ. ಮೊದಲ ಸಲ ಮೂರು ಸ್ಪರ್ಧೆ ಆರಿಸಿಕೊಳ್ಳಿ: ಒಂದು ಓಟ, ಒಂದು ಎಸೆತ, ಒಂದು ಎತ್ತರ ಜಿಗಿತ ಅಥವಾ ಪೋಲ್ ವಾಲ್ಟ್. ಈ ಮೂರರ ಹಾಳೆಗಳು ಮೂರು ಥರ ಇರುತ್ತವೆ. ಇವು ಬಂದರೆ ಉಳಿದದ್ದೂ ಬಂದಂತೆಯೇ. ಕೂಟ ನಡೆಸುವ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್‌ನ ವೆಬ್‌ಸೈಟ್‌ನಲ್ಲಿ ಸ್ಪರ್ಧೆಗೆ ಮುಂಚೆ ಸ್ಟಾರ್ಟ್ ಲಿಸ್ಟ್ ಹಾಕುತ್ತಾರೆ. ಅದರಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಪಿಬಿ, ಎಸ್‌ಬಿ ಅಂತ ಎರಡು ಅಂಕಿ ಇರುತ್ತವೆ. ಪಿಬಿ ಅಂದರೆ ಅವರ ಜೀವನದ ಅತ್ಯುತ್ತಮ ಸಾಧನೆ, ಎಸ್‌ಬಿ ಅಂದರೆ ಆ ವರ್ಷದ್ದು. ಈ ಎರಡನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ. ನಾನು ಯಾವಾಗಲೂ ಹೀಗೇ ಮಾಡುತ್ತೇನೆ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಎಸೆತದಿಂದ ಶುರು ಮಾಡಿ

ಎಸೆತದ ಹಾಳೆ ಎಲ್ಲಕ್ಕಿಂತ ಸುಲಭ. ಹೆಸರಿನ ಮುಂದೆ ಆರು ಮನೆ, ಒಂದೊಂದು ಮನೆಯಲ್ಲಿ ಒಂದೊಂದು ಎಸೆತ. ಎಕ್ಸ್ ಇದ್ದರೆ ಫೌಲ್, ಅಡ್ಡಗೆರೆ ಇದ್ದರೆ ಆ ಎಸೆತ ಬಿಟ್ಟುಕೊಟ್ಟರು ಅಂತ. ಆರರಲ್ಲಿ ಅತಿ ದೂರದ್ದು ಯಾವುದೋ ಅದೇ ಲೆಕ್ಕಕ್ಕೆ.

ಬುಡಾಪೆಸ್ಟ್‌ನ ಪುರುಷರ ಜಾವೆಲಿನ್ ಫೈನಲ್ ತೆಗೆದುಕೊಳ್ಳಿ. ನೀರಜ್ ಚೋಪ್ರಾ ಸಾಲು ಹೀಗಿದೆ: ಎಕ್ಸ್, 88.17, 86.32, 84.64, 87.73, 83.98. ಸುದ್ದಿಯಲ್ಲಿ ಬಂದದ್ದು 88.17 ಒಂದೇ. ಆದರೆ ಸಾಲನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಓದಿ. ವಿಶ್ವ ಫೈನಲ್‌ನ ಮೊದಲ ಎಸೆತವೇ ಫೌಲ್. ಅಲ್ಲಿಂದ ಎದ್ದು ಎರಡನೆಯದಕ್ಕೇ 88 ದಾಟಿದರು. ಈಗ ಪಕ್ಕದ ಸಾಲಿಗೆ ಹೋಗಿ. ಪಾಕಿಸ್ತಾನದ ಅರ್ಷದ್ ನದೀಂ ಮೂರನೇ ಎಸೆತದಲ್ಲಿ 87.82 ಮಾಡಿದ್ದಾರೆ. ಅಂದರೆ 35 ಸೆಂಟಿಮೀಟರ್ ಅಂತರ, ಇನ್ನೂ ಮೂರು ಸುತ್ತು ಬಾಕಿ. ಆ ಐದನೇ ಮನೆಯ 87.73 ಈಗ ಬೇರೆ ಥರ ಕಾಣುತ್ತದೆ, ಅಲ್ವಾ? ಒತ್ತಡದಲ್ಲಿ ಬಂದ ಎಸೆತ ಅದು. ಇಂಥ ಮನೆ ಕಂಡಾಗ ನಾನು ಅದರ ಸುತ್ತ ಪೆನ್ಸಿಲ್‌ನಿಂದ ಒಂದು ವೃತ್ತ ಹಾಕುತ್ತೇನೆ.

ಅಲ್ಲಿಗೇ ನಿಲ್ಲಿಸದೆ ಕೆಳಗೂ ಕಣ್ಣಾಡಿಸಿ. ಕಿಶೋರ್ ಜೆನಾ 84.77, ಐದನೇ ಸ್ಥಾನ. ಡಿ.ಪಿ. ಮನು 84.14, ಆರನೇ ಸ್ಥಾನ. ವಿಶ್ವದ ಮೊದಲ ಆರು ಜನರಲ್ಲಿ ಮೂವರು ಭಾರತದವರು! ಪದಕ ಪಟ್ಟಿಯಲ್ಲಿ ಇದು ಬರೀ '1' ಆಗಿ ಕಾಣುತ್ತದೆ. ಐದನೆಯವರಿಗೂ ಆರನೆಯವರಿಗೂ ಅಲ್ಲಿ ಜಾಗವೇ ಇಲ್ಲ.

ಅರ್ಹತಾ ಸುತ್ತಿನ ಹಾಳೆಯನ್ನೂ ಬಿಡಬೇಡಿ. ಅದೇ ಕೂಟದ ಅರ್ಹತಾ ಸುತ್ತಿನಲ್ಲಿ ನೀರಜ್ ಎಸೆದದ್ದು 88.77, ಚಿನ್ನ ತಂದ ಎಸೆತಕ್ಕಿಂತ ಜಾಸ್ತಿ. ಆದರೆ ಅದು ಫೈನಲ್‌ಗೆ ಬರುವುದಿಲ್ಲ, ಅಲ್ಲಿ ಎಲ್ಲರೂ ಸೊನ್ನೆಯಿಂದ ಶುರು ಮಾಡಬೇಕು. ಹಿಂದಿನ ಚಾಂಪಿಯನ್ ಆಂಡರ್ಸನ್ ಪೀಟರ್ಸ್ ಆ ಸಲ ಫೈನಲ್‌ಗೇ ಬರಲಿಲ್ಲ. ಇದು ಗೊತ್ತಾಗಬೇಕಾದರೆ ಅರ್ಹತಾ ಸುತ್ತಿನ ಹಾಳೆಯನ್ನೇ ನೋಡಬೇಕು.

ಮೂರು ಕೂಟಗಳ ಜಾವೆಲಿನ್ ಹಾಳೆಯನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ, ನನಗಂತೂ ಇದು ತುಂಬಾ ಇಷ್ಟ. 2022ರಲ್ಲಿ 88.13ಕ್ಕೆ ನೀರಜ್‌ಗೆ ಬೆಳ್ಳಿ, ಯಾಕೆಂದರೆ ಪೀಟರ್ಸ್ 90.54 ಎಸೆದಿದ್ದರು. 2023ರಲ್ಲಿ 88.17ಕ್ಕೆ ಚಿನ್ನ. 2025ರಲ್ಲಿ ಟ್ರಿನಿಡಾಡ್‌ನ ಕೆಶಾರ್ನ್ ವಾಲ್ಕಾಟ್‌ಗೆ 88.16ಕ್ಕೆ ಚಿನ್ನ. ನಾಲ್ಕು ಸೆಂಟಿಮೀಟರ್ ಒಳಗೆ ಮೂರೂ ಇವೆ, ಆದರೂ ಒಂದು ಬೆಳ್ಳಿ, ಎರಡು ಚಿನ್ನ. ಟೋಕಿಯೊ ಹಾಳೆಯಲ್ಲಿ ಇನ್ನೊಂದು ಸಂಗತಿ ಇದೆ. ಸಚಿನ್ ಯಾದವ್ 86.27, ನಾಲ್ಕನೇ ಸ್ಥಾನ, ಪಕ್ಕದಲ್ಲಿ ಪಿಬಿ ಅಂತ ಗುರುತು. ಕಂಚು ಹೋದದ್ದು 86.67ಕ್ಕೆ. ತನ್ನ ಜೀವನದ ಅತಿ ಉದ್ದದ ಎಸೆತವನ್ನು ವಿಶ್ವ ಫೈನಲ್‌ನಲ್ಲೇ ಎಸೆದ ಹುಡುಗನಿಗೆ ಪದಕ ತಪ್ಪಿದ್ದು 40 ಸೆಂಟಿಮೀಟರ್‌ನಲ್ಲಿ. ಸ್ಟಾರ್ಟ್ ಲಿಸ್ಟ್‌ನ ಪಿಬಿ ಬರೆದಿಟ್ಟುಕೊಳ್ಳಿ ಅಂದದ್ದು ಇದಕ್ಕೇ. ಆವತ್ತು ನೀರಜ್ 84.03ರೊಂದಿಗೆ ಎಂಟನೆಯವರಾದರು. ಹಿಂದೆ ಬಿದ್ದವರನ್ನು ಕೊನೆಯ ಸುತ್ತಿಗೆ ಮುಂಚೆಯೇ ಕೈಬಿಡುತ್ತಾರೆ, ಹಾಗಾಗಿ ಅವರಿಗೆ ಆರನೇ ಎಸೆತ ಸಿಗಲೇ ಇಲ್ಲ.

ಇಬ್ಬರದ್ದು ಸಮ ಆದರೆ? ಆಗ ಎರಡನೇ ಅತ್ಯುತ್ತಮ ಎಸೆತ ನೋಡುತ್ತಾರೆ. 2019ರ ದೋಹಾ ಗುಂಡು ಎಸೆತದಲ್ಲಿ ಜೋ ಕೊವಾಕ್ಸ್ 22.91, ರಯಾನ್ ಕ್ರೌಸರ್ 22.90, ಟಾಮ್ ವಾಲ್ಶ್ 22.90. ಒಂದೇ ಒಂದು ಸೆಂಟಿಮೀಟರ್‌ನಲ್ಲಿ ಮೂವರು. ಎರಡನೇ ಎಸೆತದ ಲೆಕ್ಕದಲ್ಲಿ ಕ್ರೌಸರ್‌ಗೆ ಬೆಳ್ಳಿ, ವಾಲ್ಶ್‌ಗೆ ಕಂಚು.

ಸೊನ್ನೆ ಮತ್ತು ಎಕ್ಸ್

ಎತ್ತರ ಜಿಗಿತ, ಪೋಲ್ ವಾಲ್ಟ್ ಹಾಳೆ ಮೊದಲು ನೋಡಿದಾಗ ಗಾಬರಿ ಆಗುತ್ತದೆ. ಅಂಕಿಗಳೆಲ್ಲ ಮೇಲಿನ ಸಾಲಿನಲ್ಲಿ, ಕೆಳಗೆ ಬರೀ ಸೊನ್ನೆ, ಎಕ್ಸ್, ಗೆರೆ. ಸೊನ್ನೆ ಅಂದರೆ ದಾಟಿದರು, ಎಕ್ಸ್ ಅಂದರೆ ಆಗಲಿಲ್ಲ, ಗೆರೆ ಅಂದರೆ ಆ ಎತ್ತರ ಬೇಡ ಅಂತ ಬಿಟ್ಟರು. ಸಾಲಾಗಿ ಮೂರು ಎಕ್ಸ್ ಬಿದ್ದರೆ ಆಟ ಮುಗಿಯಿತು. ಟೋಕಿಯೊದಲ್ಲಿ ಅರ್ಮಾಂಡ್ ಡುಪ್ಲಾಂಟಿಸ್ ವಿಶ್ವದಾಖಲೆ ಮಾಡಿದ 6.30 ಮೀಟರ್ ಕೆಳಗೆ ಎಕ್ಸ್, ಎಕ್ಸ್, ಸೊನ್ನೆ ಅಂತ ಇದೆ. ಕೊನೆಯ ಪ್ರಯತ್ನದಲ್ಲಿ ದಾಟಿದರು ಅನ್ನುವುದನ್ನು ಈ ಮೂರು ಗುರುತೇ ಹೇಳಿಬಿಡುತ್ತವೆ.

ಒಂದೇ ಎತ್ತರಕ್ಕೆ ಇಬ್ಬರು ನಿಂತರೆ ಎಕ್ಸ್ ಎಣಿಸಬೇಕು. ಮೊದಲು, ಕೊನೆಯದಾಗಿ ದಾಟಿದ ಎತ್ತರದಲ್ಲಿ ಯಾರಿಗೆ ಎಕ್ಸ್ ಕಡಿಮೆ ಅಂತ ನೋಡಿ. ಅದೂ ಸಮ ಆದರೆ ಶುರುವಿನಿಂದ ಆ ಎತ್ತರದವರೆಗೆ ಒಟ್ಟು ಎಷ್ಟು ಎಕ್ಸ್ ಅಂತ ಎಣಿಸಿ. ಹಾಗಾಗಿಯೇ ಮೊದಲ ಸುಲಭದ ಎತ್ತರದಲ್ಲಿ ಬಿದ್ದ ಒಂದು ಎಕ್ಸ್ ಎರಡು ಗಂಟೆ ಆದ ಮೇಲೆ ಪದಕವನ್ನೇ ಕಸಿದುಕೊಳ್ಳಬಹುದು. ಇದನ್ನು ಒಮ್ಮೆ ನೀವೇ ಬೆರಳಿಟ್ಟು ಎಣಿಸಿ ನೋಡಿ, ಆಮೇಲೆ ಮರೆಯುವುದಿಲ್ಲ.

ಅದೂ ಸಮ ಆಗಿ, ಪ್ರಶ್ನೆ ಮೊದಲ ಸ್ಥಾನದ್ದಾದರೆ, ಇಬ್ಬರೂ ಮತ್ತೆ ಜಿಗಿಯಬಹುದು ಅಥವಾ ಚಿನ್ನ ಹಂಚಿಕೊಳ್ಳಬಹುದು. ಬುಡಾಪೆಸ್ಟ್ ಮಹಿಳಾ ಪೋಲ್ ವಾಲ್ಟ್‌ನಲ್ಲಿ ಅಮೆರಿಕದ ಕೇಟಿ ಮೂನ್, ಆಸ್ಟ್ರೇಲಿಯಾದ ನೀನಾ ಕೆನಡಿ ಇಬ್ಬರೂ 4.90 ದಾಟಿದರು. 4.95 ಇಬ್ಬರಿಗೂ ಆಗಲಿಲ್ಲ. ಹಂಚಿಕೊಂಡರು. ಹಾಗೆ ಆದಾಗ ಬೆಳ್ಳಿ ಇರುವುದಿಲ್ಲ, ಮುಂದಿನದು ನೇರ ಕಂಚು. 4.80 ದಾಟಿದ ಫಿನ್‌ಲೆಂಡ್‌ನ ವಿಲ್ಮಾ ಮುರ್ಟೊಗೆ ಅದು ಸಿಕ್ಕಿತು. ಪದಕ ಪಟ್ಟಿಯಲ್ಲಿ ಚಿನ್ನದ ಲೆಕ್ಕಕ್ಕೂ ಬೆಳ್ಳಿಯ ಲೆಕ್ಕಕ್ಕೂ ಹೊಂದಾಣಿಕೆ ಆಗದಿದ್ದರೆ ಕಾರಣ ಸಾಮಾನ್ಯವಾಗಿ ಇಂಥದ್ದೇ.

ಓಟದ ಹಾಳೆ: ಗಾಳಿಯಿಂದ ಮೊದಲು ಮಾಡಿ

200 ಮೀಟರ್‌ವರೆಗಿನ ಓಟಗಳಲ್ಲಿ, ಉದ್ದ ಜಿಗಿತದಲ್ಲಿ, ಟ್ರಿಪಲ್ ಜಂಪ್‌ನಲ್ಲಿ ಗಾಳಿಯ ವೇಗ ಕೊಟ್ಟಿರುತ್ತಾರೆ. ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2.0 ಮೀಟರ್ ದಾಟಿದರೆ ಪದಕ ಉಂಟು, ದಾಖಲೆ ಇಲ್ಲ. ಯೂಜೀನ್‌ನಲ್ಲಿ ನೈಜೀರಿಯಾದ ಟೋಬಿ ಅಮುಸನ್ 100 ಮೀಟರ್ ಹರ್ಡಲ್ಸ್ ಸೆಮಿಫೈನಲ್ ಅನ್ನು 12.12 ಸೆಕೆಂಡಿನಲ್ಲಿ ಓಡಿದರು, ವಿಶ್ವದಾಖಲೆ. ಅದೇ ದಿನ ಫೈನಲ್‌ನಲ್ಲಿ 12.06, ಇನ್ನೂ ಬೇಗ, ಚಿನ್ನವೂ ಬಂತು. ಆದರೆ ಗಾಳಿ 2.5 ಇತ್ತು. ಹಾಗಾಗಿ ದಾಖಲೆ 12.12 ಆಗಿಯೇ ಉಳಿಯಿತು. ಫೈನಲ್ ಹಾಳೆ ಮಾತ್ರ ನೋಡಿದವರಿಗೆ ಈ ವಿಶ್ವದಾಖಲೆ ಎಲ್ಲಿಂದ ಬಂತು ಅಂತಲೇ ಗೊತ್ತಾಗುವುದಿಲ್ಲ.

ಇನ್ನೊಂದು ಕಾಲಂ ರಿಯಾಕ್ಷನ್ ಟೈಮ್. ಗುಂಡಿನ ಸದ್ದಾದ ಮೇಲೆ ಓಟಗಾರ ಕಾಲು ಒತ್ತಲು ಹಿಡಿದ ಹೊತ್ತು. 0.100ಕ್ಕಿಂತ ಕಡಿಮೆ ಬಂದರೆ ಫಾಲ್ಸ್ ಸ್ಟಾರ್ಟ್. ಯೂಜೀನ್‌ನ 110 ಮೀಟರ್ ಹರ್ಡಲ್ಸ್ ಫೈನಲ್‌ನಲ್ಲಿ ಡೆವನ್ ಆಲನ್‌ಗೆ ಬಂದದ್ದು 0.099. ಸೆಕೆಂಡಿನ ಸಾವಿರದ ಒಂದು ಪಾಲು! ಅದೂ ತಾನು ಕಾಲೇಜಿಗೆ ಓಡಿದ ಮೈದಾನದಲ್ಲೇ ಅವರನ್ನು ಹೊರಗೆ ಕಳಿಸಿದರು. ಹಾಳೆಯಲ್ಲಿ ಅದು ಡಿಕ್ಯೂ ಅನ್ನುವ ಎರಡು ಅಕ್ಷರ ಅಷ್ಟೇ. ಡಿಕ್ಯೂ ಅಂದರೆ ಅನರ್ಹ, ಡಿಎನ್‌ಎಸ್ ಅಂದರೆ ಓಡಲೇ ಇಲ್ಲ, ಡಿಎನ್‌ಎಫ್ ಅಂದರೆ ಮುಗಿಸಲಿಲ್ಲ. ಡಿಕ್ಯೂ ಪಕ್ಕದಲ್ಲಿ ನಿಯಮದ ಸಂಖ್ಯೆ ಇರುತ್ತದೆ, ಅದನ್ನು ಹುಡುಕಿದರೆ ಕಾರಣ ಸಿಗುತ್ತದೆ: ಲೇನ್ ತುಳಿದರು, ಬ್ಯಾಟನ್ ತಪ್ಪಿತು, ಹೀಗೆ.

ಹೀಟ್ಸ್ ಅಂದರೆ ಮೊದಲ ಸುತ್ತಿನ ಓಟಗಳು. ಅದರ ಹಾಳೆಯಲ್ಲಿ ದೊಡ್ಡ ಕ್ಯೂ (Q) ಅಕ್ಷರ ಇದ್ದರೆ ಸ್ಥಾನದ ಮೇಲೆ ಮುಂದಿನ ಸುತ್ತಿಗೆ ಹೋದರು ಅಂತ, ಸಣ್ಣ ಕ್ಯೂ (q) ಇದ್ದರೆ ಸಮಯದ ಮೇಲೆ.

ಇಬ್ಬರ ಸಮಯ ಒಂದೇ ಬರೆದಿದ್ದರೆ ಸೆಕೆಂಡಿನ ಸಾವಿರದ ಪಾಲಿನ ಅಂಕಿ ಹುಡುಕಿ. ಫೋಟೊ ಫಿನಿಶ್‌ನಲ್ಲಿ, ಅಂದರೆ ಗೆರೆ ದಾಟುವಾಗಿನ ಕ್ಯಾಮೆರಾ ಚಿತ್ರದಲ್ಲಿ, ಲೆಕ್ಕಕ್ಕೆ ಬರುವುದು ಎದೆಯ ಭಾಗ, ತಲೆ ಕೈ ಕಾಲು ಅಲ್ಲ. ಟೋಕಿಯೊದ ಪುರುಷರ ಮ್ಯಾರಥಾನ್ ನೋಡಿ. ತಾಂಜಾನಿಯಾದ ಅಲ್ಫಾನ್ಸ್ ಸಿಂಬು, ಜರ್ಮನಿಯ ಅಮನಾಲ್ ಪೆಟ್ರೋಸ್ ಇಬ್ಬರ ಮುಂದೆಯೂ 2 ಗಂಟೆ 9 ನಿಮಿಷ 48 ಸೆಕೆಂಡ್. ಅಂತರ 0.03 ಸೆಕೆಂಡ್. 42 ಕಿಲೋಮೀಟರ್ ಓಡಿ ಚಿನ್ನ ನಿರ್ಧಾರವಾದದ್ದು 100 ಮೀಟರ್ ಓಟದ ಹಾಗೆ.

ದೂರದ ಓಟದಲ್ಲಿ ಸಮಯ ನೋಡಿ 'ನಿಧಾನ ಓಡಿದ್ದಾರೆ' ಅಂತ ತೀರ್ಮಾನಿಸಬೇಡಿ. ಟೋಕಿಯೊ 1500 ಮೀಟರ್‌ನಲ್ಲಿ ಪೋರ್ಚುಗಲ್‌ನ ಇಸಾಕ್ ನಾದೆರ್ ಗೆದ್ದದ್ದು 3:34.10ಕ್ಕೆ, ವಿಶ್ವದಾಖಲೆಯೋ 3:26.00. ಚಾಂಪಿಯನ್‌ಷಿಪ್‌ನಲ್ಲಿ ಯಾರೂ ದಾಖಲೆಗೆ ಓಡುವುದಿಲ್ಲ, ಒಬ್ಬರನ್ನೊಬ್ಬರು ಕಾಯುತ್ತಾ ಕೊನೆಯ ಸುತ್ತಿಗೆ ಉಸಿರು ಉಳಿಸಿಕೊಳ್ಳುತ್ತಾರೆ. ಎರಡನೇ ಸ್ಥಾನದ ಜೇಕ್ ವೈಟ್‌ಮನ್ ಸಮಯ 3:34.12. ಇಲ್ಲಿ ಓದಬೇಕಾದದ್ದು ಈ 0.02 ಸೆಕೆಂಡನ್ನು.

ರಿಲೇ ಹಾಳೆಯಲ್ಲಿ ಹೀಟ್ಸ್ ಮತ್ತು ಫೈನಲ್ ಎರಡನ್ನೂ ತೆರೆಯಿರಿ, ಓಡಿದವರು ಬದಲಾಗಿರಬಹುದು. ಹೀಟ್ಸ್‌ನಲ್ಲಿ ಮಾತ್ರ ಓಡಿದವರಿಗೂ ಪದಕ ಉಂಟು. ಬುಡಾಪೆಸ್ಟ್‌ನಲ್ಲಿ ಭಾರತದ ಪುರುಷರ 4x400 ತಂಡ ಹೀಟ್ಸ್‌ನಲ್ಲಿ 2:59.05 ಓಡಿ ಏಷ್ಯಾ ದಾಖಲೆ ಮಾಡಿತು, ಅಮೆರಿಕದ ಬೆನ್ನಿಗೇ ಎರಡನೇ ಸ್ಥಾನ. ಫೈನಲ್‌ನಲ್ಲಿ 2:59.92, ಐದನೇ ಸ್ಥಾನ. ಪದಕ ಪಟ್ಟಿಯಲ್ಲಿ ಇದರ ಸುಳಿವೇ ಇಲ್ಲ.

ಈಗ ಪದಕ ಪಟ್ಟಿ ತೆರೆಯಿರಿ

ಸಾಮಾನ್ಯವಾಗಿ ಚಿನ್ನದ ಲೆಕ್ಕದಲ್ಲೇ ಪಟ್ಟಿ ಜೋಡಿಸುತ್ತಾರೆ. ಚಿನ್ನ ಸಮ ಆದರೆ ಬೆಳ್ಳಿ, ಆಮೇಲೆ ಕಂಚು. ಕೆಲವರು ಒಟ್ಟು ಪದಕದ ಮೇಲೆ ಜೋಡಿಸುತ್ತಾರೆ. ಯಾವುದು ಅಂತ ನೋಡಿಕೊಂಡೇ ಮುಂದೆ ಹೋಗಿ, ಯಾಕೆಂದರೆ ವ್ಯತ್ಯಾಸ ಸಣ್ಣದಲ್ಲ. ಬುಡಾಪೆಸ್ಟ್‌ನಲ್ಲಿ ಕೆನಡಾಗೆ 4 ಚಿನ್ನ, 2 ಬೆಳ್ಳಿ, ಒಟ್ಟು 6, ಎರಡನೇ ಸ್ಥಾನ. ಜಮೈಕಾಗೆ 3 ಚಿನ್ನ, 5 ಬೆಳ್ಳಿ, 4 ಕಂಚು, ಒಟ್ಟು 12, ಆದರೂ ಕೆನಡಾದ ಕೆಳಗೆ. ಅಮೆರಿಕದ ಮೂರು ಕೂಟ ನೋಡಿ: ಯೂಜೀನ್‌ನಲ್ಲಿ 33 ಪದಕ, ಬುಡಾಪೆಸ್ಟ್‌ನಲ್ಲಿ 29, ಟೋಕಿಯೊದಲ್ಲಿ 26. ಇಳಿಯುತ್ತಿದೆ ಅನ್ನಿಸುತ್ತದೆ. ಚಿನ್ನ ಮಾತ್ರ ಎಣಿಸಿ: 13, 12, 16. ಈಗ ಏನನ್ನುತ್ತೀರಿ?

ನನ್ನ ಕೇಳಿದರೆ ಪದಕ ಪಟ್ಟಿಗಿಂತ ಪ್ಲೇಸಿಂಗ್ ಟೇಬಲ್ ಒಳ್ಳೆಯದು. ಮೊದಲ ಸ್ಥಾನಕ್ಕೆ 8 ಅಂಕ, ಎರಡಕ್ಕೆ 7, ಹೀಗೆ ಇಳಿಯುತ್ತಾ ಎಂಟನೆಯವರಿಗೆ 1. ಬುಡಾಪೆಸ್ಟ್ ಜಾವೆಲಿನ್ ಒಂದರಲ್ಲೇ ಭಾರತಕ್ಕೆ 8, 4, 3, ಒಟ್ಟು 15 ಅಂಕ. ಆ ರಿಲೇ ತಂಡದ ಐದನೇ ಸ್ಥಾನಕ್ಕೆ ಇನ್ನೂ 4. ಯಾವ ದೇಶದಲ್ಲಿ ಆಟ ಬೆಳೆಯುತ್ತಿದೆ ಅಂತ ಇಲ್ಲಿ ಜಾಸ್ತಿ ಚೆನ್ನಾಗಿ ಕಾಣುತ್ತದೆ.

ಕೊನೆಗೆ ಒಂದು ಎಚ್ಚರಿಕೆ. ಓಟ ಮುಗಿದ ಕೂಡಲೇ ಬಂದ ಫಲಿತಾಂಶವನ್ನು ಪಕ್ಕಾ ಅಂದುಕೊಳ್ಳಬೇಡಿ. ಅಧಿಕೃತ ಫಲಿತಾಂಶ ಬಂದ 30 ನಿಮಿಷದೊಳಗೆ ತಂಡಗಳು ಆಕ್ಷೇಪಣೆ ಹಾಕಬಹುದು. ಅದಕ್ಕೇ ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಡೋಪಿಂಗ್ ವಿಷಯ ಬಂದರೆ ವರ್ಷಗಳೇ ಹಿಡಿಯುತ್ತವೆ, ಸ್ಯಾಂಪಲ್‌ಗಳನ್ನು 10 ವರ್ಷದವರೆಗೆ ಇಟ್ಟು ಮತ್ತೆ ಪರೀಕ್ಷೆ ಮಾಡಬಹುದು. 1987ರ ರೋಮ್ ಕೂಟದಲ್ಲಿ 100 ಮೀಟರ್ ಗೆದ್ದದ್ದು ಬೆನ್ ಜಾನ್ಸನ್, 9.83 ಸೆಕೆಂಡ್. ಆಮೇಲೆ ಆ ಚಿನ್ನ ಕಾರ್ಲ್ ಲೂಯಿಸ್ ಪಾಲಾಯಿತು. ನಮ್ಮ ಅಂಜು ಬಾಬಿ ಜಾರ್ಜ್ 2005ರ ವರ್ಲ್ಡ್ ಅಥ್ಲೆಟಿಕ್ಸ್ ಫೈನಲ್ ಅನ್ನುವ ಬೇರೊಂದು ಕೂಟದ ಉದ್ದ ಜಿಗಿತದಲ್ಲಿ ಗೆದ್ದ ಬೆಳ್ಳಿ, ರಷ್ಯಾದ ತತ್ಯಾನಾ ಕೊಟೋವಾ ಅನರ್ಹರಾದ ಮೇಲೆ ಚಿನ್ನವಾಯಿತು, ಅದೂ ಎಷ್ಟೋ ವರ್ಷ ಕಳೆದು. ಹಳೆಯ ಪತ್ರಿಕೆಯಲ್ಲಿ ಒಂದು, ಈಗಿನ ಪಟ್ಟಿಯಲ್ಲಿ ಇನ್ನೊಂದು ಕಂಡರೆ ಗಾಬರಿಯಾಗಬೇಡಿ, ಎರಡೂ ಅವರವರ ಕಾಲಕ್ಕೆ ಸರಿಯೇ.

ಆದ್ದರಿಂದ ನೋಟ್‌ಬುಕ್‌ನಲ್ಲಿ ಪದಕದ ಹೆಸರುಗಳನ್ನು ಪೆನ್ಸಿಲ್‌ನಲ್ಲೇ ಬರೆಯಿರಿ, ಪಕ್ಕದಲ್ಲಿ ನೋಡಿದ ದಿನಾಂಕ ಹಾಕಿ, ನಾಲ್ಕರಿಂದ ಎಂಟನೆಯವರ ಹೆಸರಿಗೂ ಜಾಗ ಬಿಡಿ. ಮುಂದಿನ ಕೂಟ 2027ರಲ್ಲಿ ಬೀಜಿಂಗ್‌ನಲ್ಲಿ. ಅಲ್ಲಿಯವರೆಗೆ ಟೋಕಿಯೊದ ಒಂದು ಪೋಲ್ ವಾಲ್ಟ್ ಹಾಳೆ ತೆರೆದು ಎಕ್ಸ್ ಎಣಿಸಿ ಅಭ್ಯಾಸ ಮಾಡಿ.