ಮನೆಯಲ್ಲೇ ಕ್ರುಪ್ನಿಕಾಸ್: ಲಿಥುವೇನಿಯಾದ ಜೇನಿನ ಮದ್ಯ

ಕ್ರಿಸ್‌ಮಸ್‌ಗೆ ಕ್ರುಪ್ನಿಕಾಸ್ ಬೇಕೆಂದರೆ ನವೆಂಬರ್ ಮೊದಲಲ್ಲೇ ಒಲೆ ಹಚ್ಚಬೇಕು. ಮಾಡಲು ಒಂದು ಸಂಜೆ ಸಾಕು. ತಿಳಿಯಾಗಲು ಮಾತ್ರ ವಾರಗಟ್ಟಲೆ ಬೇಕು. ಡಿಸೆಂಬರ್ 24ರ ರಾತ್ರಿಯ ಕೂಚಿಯೋಸ್ ಊಟದಲ್ಲಿ ಸಂಪ್ರದಾಯದ ಪ್ರಕಾರ ಮಾಂಸ, ಹಾಲು, ಮದ್ಯ ಯಾವುದೂ ಇರುವುದಿಲ್ಲ. ಹಾಗಾಗಿ ಬಾಟಲಿ ಹೊರಗೆ ಬರುವುದು ಮರುದಿನ.

ನಾನು ಲಿಥುವೇನಿಯಾದ ಕೌನಾಸ್ ನಗರಕ್ಕೆ ಸೊಸೆಯಾಗಿ ಬಂದವಳು. ಇಲ್ಲಿರುವುದು ನಮ್ಮ ಅತ್ತೆಯವರ ಅಳತೆ. ನೆಸ್ವಿಜ್ ಊರಿನ ಬೆನೆಡಿಕ್ಟೀನ್ ಪಂಥದ ಕ್ರೈಸ್ತ ಸನ್ಯಾಸಿಗಳು ಇದನ್ನು ಮೊದಲು ಮಾಡಿದರು ಅನ್ನುವ ಕಥೆ ಇದೆ. ಆ ಊರು ಈಗ ಬೆಲಾರುಸ್‌ನಲ್ಲಿದೆ, ಆಗ ಲಿಥುವೇನಿಯಾದ ಮಹಾಸಂಸ್ಥಾನಕ್ಕೆ ಸೇರಿತ್ತು. ಪೋಲೆಂಡಿನವರೂ ಕ್ರುಪ್ನಿಕ್ ಎಂದು ಇಂಥದ್ದನ್ನೇ ಮಾಡುತ್ತಾರೆ.

ಎಲ್ಲಕ್ಕಿಂತ ಮುಖ್ಯ ಜೇನು. ಒಂದು ಕಿಲೋ ಬೇಕು. ಜುಲೈನಲ್ಲಿ ಲಿಂಡೆನ್ ಮರ ಹೂ ಬಿಟ್ಟಾಗ ಸಿಗುವ ತಿಳಿ ಬಣ್ಣದ ಜೇನು ನನಗೆ ಇಷ್ಟ. ಬಕ್‌ವೀಟ್ ಹೂವಿನ ಕಪ್ಪು ಜೇನು ಒಂದೆರಡು ಚಮಚ ಸೇರಿದರೆ ರುಚಿ ಗಾಢವಾಗುತ್ತದೆ, ಜಾಸ್ತಿಯಾದರೆ ಬೇರೆ ಯಾವ ರುಚಿಯೂ ಉಳಿಯುವುದಿಲ್ಲ.

ಮಸಾಲೆಗೆ ಮೂರು ತುಂಡು ಚಕ್ಕೆ, ಎಂಟು ಲವಂಗ, ಹತ್ತು ಏಲಕ್ಕಿ, ಅರ್ಧ ಜಾಯಿಕಾಯಿ, ಐದಾರು ಕಾಳುಮೆಣಸು, ಹೆಬ್ಬೆರಳುದ್ದ ಶುಂಠಿ, ಒಂದು ಕಿತ್ತಳೆಯ ಸಿಪ್ಪೆ. ಜೊತೆಗೆ ಒಂದು ಚಮಚ ಕ್ಯಾರವೇ. ನೋಡಲು ಜೀರಿಗೆಯ ಹಾಗೇ ಇದೆ, ಆದರೆ ಜೀರಿಗೆ ಹಾಕಬೇಡಿ, ಪರಿಮಳವೇ ಬೇರೆ. ಬಣ್ಣಕ್ಕೆ ಚಿಟಿಕೆ ಅರಿಸಿನ ಸಾಕು. ಎಲ್ಲವನ್ನೂ ಸುಮ್ನೆ ಜಜ್ಜಿ, ಪುಡಿ ಮಾಡಬೇಡಿ. ಪುಡಿಯಾದರೆ ಸೋಸುವುದು ಕಷ್ಟ. ಕಿತ್ತಳೆ ಸಿಪ್ಪೆಯ ಒಳಗಿನ ಬಿಳಿ ಭಾಗ ಕಹಿ, ತೆಗೆದುಬಿಡಿ.

ಮುಕ್ಕಾಲು ಲೀಟರ್ ನೀರಿಗೆ ಮಸಾಲೆ ಹಾಕಿ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿಸಿ. ಸೋಸಿದಾಗ ಅರ್ಧ ಲೀಟರಿನಷ್ಟು ಕಷಾಯ ಉಳಿಯಬೇಕು.

ಇನ್ನೊಂದು ದೊಡ್ಡ ಪಾತ್ರೆಯಲ್ಲಿ ಕಷಾಯಕ್ಕೆ ಜೇನು ಸೇರಿಸಿ ನಿಧಾನ ಬಿಸಿ ಮಾಡಿ. ಕುದಿ ಬರಬಾರದು. ಮೊದಲು ಅಂಚಿನಲ್ಲಿ ಬಿಳಿ ನೊರೆ ಏಳುತ್ತದೆ, ಆಮೇಲೆ ಮೇಣದ ಚೂರುಗಳೂ ಮೇಲೆ ಬಂದು ನೊರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಚಪ್ಪಟೆ ಸೌಟಿನಿಂದ ಬದಿಗೆ ಸರಿಸಿ ತೆಗೆಯುತ್ತಾ ಇರಿ. ಕಲಕಿದರೆ ನೊರೆ ಮತ್ತೆ ಒಳಗೆ ಸೇರಿಕೊಳ್ಳುತ್ತದೆ. ಹೊಸ ನೊರೆ ಬರುವುದು ನಿಂತ ಮೇಲೆ ಪಾಕ ಕನ್ನಡಿಯಂತೆ ಹೊಳೆಯುತ್ತದೆ. ಇಲ್ಲಿ ಅವಸರ ಮಾಡಿದರೆ ಮದ್ಯ ಕೊನೆತನಕ ಮಂಕಾಗಿಯೇ ಇರುತ್ತದೆ.

ಈಗ ಒಲೆ ಆರಿಸಿ. ಪಕ್ಕದ ಒಲೆಯನ್ನೂ ಆರಿಸಿ, ಕಿಟಕಿ ತೆರೆಯಿರಿ. ಪಾತ್ರೆಯನ್ನು ಒಲೆಯಿಂದ ದೂರ ಒಯ್ದು, ಕೈ ತಾಳುವಷ್ಟು ಬೆಚ್ಚಗಾಗುವವರೆಗೆ ಕಾಯಿರಿ. ಆಲ್ಕೋಹಾಲ್ 78 ಡಿಗ್ರಿಗೇ ಕುದಿಯುತ್ತದೆ, ಅದರ ಆವಿಗೆ ಒಂದು ಕಿಡಿ ತಾಗಿದರೂ ಬೆಂಕಿ. ಇದರಲ್ಲಿ ಮಾತ್ರ ಯಾರ ಅನುಭವವನ್ನೂ ನಂಬಬೇಡಿ. ಶೇಕಡಾ 96ರ ಸ್ಪಿರಿಟ್, ಅಂದರೆ ಕುಡಿಯಲು ತಕ್ಕ ಆಲ್ಕೋಹಾಲ್, 750 ಮಿಲಿಯನ್ನು ಸಣ್ಣ ಧಾರೆಯಾಗಿ ಸುರಿದು ಕಲಕಿ. ಎಲ್ಲ ಸೇರಿ ಎರಡು ಲೀಟರಿನ ಹತ್ತಿರ ಬರುತ್ತದೆ, ಆಲ್ಕೋಹಾಲ್ ಪ್ರಮಾಣ ಶೇಕಡಾ 36ರ ಆಸುಪಾಸು. ಲಿಥುವೇನಿಯಾದ ಅಂಗಡಿಯಲ್ಲಿ ಮದ್ಯ ಕೊಳ್ಳಲು 2018ರಿಂದ ವಯಸ್ಸು 20 ತುಂಬಿರಬೇಕು. ಸ್ಪಿರಿಟ್ ಸಿಗದಿದ್ದರೆ ಒಂದು ಲೀಟರ್ ವೋಡ್ಕಾ ಹಾಕಿ, ಜೇನು ಅರ್ಧ ಕಿಲೋಗೆ ಇಳಿಸಿ, ಕಷಾಯವನ್ನು ಒಂದು ಲೋಟಕ್ಕೆ ಬತ್ತಿಸಿ. ರುಚಿ ಪರವಾಗಿಲ್ಲ, ಮೈ ಸ್ವಲ್ಪ ತೆಳು.

ಗಾಜಿನ ಜಾಡಿಗೆ ತುಂಬಿ ಕತ್ತಲಲ್ಲಿ ಇಡಿ. ಮೊದಲು ಕೆಸರು ನೀರಿನಂತೆ ಕಂಡರೆ ಗಾಬರಿ ಬೇಡ. ಮೂರ್ನಾಲ್ಕು ವಾರದಲ್ಲಿ ಗಷ್ಟು ತಳಕ್ಕಿಳಿಯುತ್ತದೆ. ಜಾಡಿ ಅಲುಗಿಸದೆ ಮೇಲಿನ ತಿಳಿಯನ್ನು ರಬ್ಬರ್ ನಳಿಕೆಯಿಂದ ಬಾಟಲಿಗೆ ಇಳಿಸಿಕೊಳ್ಳಿ. ಮೊದಲ ತಿಂಗಳು ಲವಂಗವೇ ಮುಂದಿರುತ್ತದೆ, ಆಮೇಲೆ ಜೇನು ಮೇಲೆ ಬರುತ್ತದೆ.

ಚಳಿಯಲ್ಲಿ ಬೆಚ್ಚಗೆ ಕುಡಿಯುವುದಾದರೆ ಬಾಟಲಿಯನ್ನು ಬಿಸಿನೀರಿನಲ್ಲಿ ಇಡಿ, ಒಲೆಯ ಮೇಲೆ ಬೇಡ. ಸಣ್ಣ ಲೋಟ ಸಾಕು. ತಳದ ಗಷ್ಟನ್ನು ನಮ್ಮತ್ತೆ ಚೆಲ್ಲುವುದಿಲ್ಲ, ಜೇನಿನ ಕೇಕ್ ಹಿಟ್ಟಿಗೆ ಸೇರಿಸುತ್ತಾರೆ.