ಹಂಪ್ತಾ ಪಾಸ್‌ಗೆ 11 ಕಿಲೋ ಬ್ಯಾಗು: ತೂಕ ಇಳಿಸಿದ ಲೆಕ್ಕ

ಮನಾಲಿ ಹತ್ತಿರದ ಜೋಬ್ರಾದಿಂದ ಹೊರಟು ಚೀಕಾ, ಬಾಲೂ ಕಾ ಘೇರಾ ಹಾದು, 4,270 ಮೀಟರ್ ಎತ್ತರದ ಹಂಪ್ತಾ ಪಾಸ್ ಹತ್ತಿ, ಆಚೆ ಛತ್ರೂಗೆ ಇಳಿಯುವ ಹಾದಿಯ ಮಾತು ಇದು. ಹೇಸರಗತ್ತೆಯಿಲ್ಲದೆ ಇಬ್ಬರೇ ಹೋದರೆ ಐದು ದಿನದ ಊಟ, ಟೆಂಟು, ಹಾಸಿಗೆ ಎಲ್ಲವನ್ನೂ ನಾವೇ ಹೊರಬೇಕು. ಸುಮ್ಮನೆ ತುಂಬುತ್ತ ಹೋದರೆ ತಲಾ 17–18 ಕಿಲೋ ಆಗಿಬಿಡುತ್ತದೆ. ನಾನು ಹೊರಡುವುದು 11 ಕಿಲೋದಲ್ಲಿ: ಸಾಮಾನು ಸುಮಾರು 7, ಊಟ 3, ನೀರು 1. ಗ್ಯಾಸು ಇಬ್ಬರಿಗೆ ಸೇರಿ ಒಂದೇ ಡಬ್ಬಿ.

ಮೊದಲ ಕೆಲಸ ತೂಗುವುದು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಪ್ರತಿ ವಸ್ತುವನ್ನೂ ಗ್ರಾಂನಲ್ಲಿ ಬರೆದು, ಭಾರವಾದದ್ದು ಮೇಲೆ ಬರುವಂತೆ ಜೋಡಿಸಬೇಕು. ಅರ್ಧಕ್ಕಿಂತ ಹೆಚ್ಚು ತೂಕ ಮೇಲಿನ ನಾಲ್ಕು ಸಾಲಿನಲ್ಲೇ ಸಿಗುತ್ತದೆ: ಟೆಂಟು, ಸ್ಲೀಪಿಂಗ್ ಬ್ಯಾಗು, ಚಾಪೆ, ಬೆನ್ನಿನ ಬ್ಯಾಗು. ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸಿದರೆ ಉಳಿಯುವುದು ಐದಾರು ಗ್ರಾಂ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

2.4 ಕಿಲೋ ಟೆಂಟನ್ನು ಒಬ್ಬರು ಬಟ್ಟೆ, ಒಬ್ಬರು ಕಂಬ–ಮೊಳೆ ಎಂದು ಹಂಚಿಕೊಂಡರೆ ತಲಾ 1.2. ಸೊನ್ನೆ ಡಿಗ್ರಿಗೆ ಹೊಂದುವ ಸಿಂಥೆಟಿಕ್ ಸ್ಲೀಪಿಂಗ್ ಬ್ಯಾಗು 1.7 ಕಿಲೋ ತೂಗಿದರೆ, ಅಷ್ಟೇ ಬೆಚ್ಚಗಿನ ಡೌನ್ (ಬಾತುಕೋಳಿಯ ಮೆತ್ತನೆಯ ಪುಕ್ಕ ತುಂಬಿದ) ಬ್ಯಾಗು 1 ಕಿಲೋ ಆಸುಪಾಸು. ದುಡ್ಡು ಖರ್ಚು ಮಾಡುವುದಿದ್ದರೆ ಇಲ್ಲೇ ಮಾಡಿ. ಆದರೆ ಡೌನ್ ನೆನೆದರೆ ಗಂಟುಕಟ್ಟಿ ಬೆಚ್ಚಗಿಡುವ ಗುಣ ಕಳೆದುಕೊಳ್ಳುತ್ತದೆ. ಕುಲ್ಲೂ ಕಡೆಯಲ್ಲಿ ಜುಲೈ–ಆಗಸ್ಟ್ ಪೂರ್ತಿ ಮಳೆಗಾಲ. ಹೊರಗಿನ ರೈನ್ ಕವರ್ ಇದ್ದರೂ ಬೆನ್ನಿನ ಕಡೆಯಿಂದ ನೀರು ಇಳಿದೇ ಇಳಿಯುತ್ತದೆ. ಆದ್ದರಿಂದ ಕವರ್ ಬಿಟ್ಟು, ಬ್ಯಾಗಿನೊಳಗೆ ದಪ್ಪ ಪ್ಲಾಸ್ಟಿಕ್ ಚೀಲ ಇಳಿಸಿ, ಸಾಮಾನು ತುಂಬಿ, ಬಾಯಿ ತಿರುಚಿ ಕಟ್ಟುತ್ತೇನೆ. 60 ಗ್ರಾಂನಲ್ಲಿ ಕೆಲಸ ಮುಗಿಯುತ್ತದೆ.

ಫೋಮ್ ಚಾಪೆಯನ್ನು ತಲೆಯಿಂದ ಮಂಡಿಯವರೆಗೆ, 120 ಸೆಂಟಿಮೀಟರಿಗೆ ಕತ್ತರಿಸಬಹುದು; ಕಾಲಿನ ಕೆಳಗೆ ಖಾಲಿ ಬ್ಯಾಗು ಹಾಸಿದರಾಯಿತು. ಚಾಪೆಯನ್ನೇ ಬಿಟ್ಟು ಬರಬಾರದು. ಮೈಭಾರಕ್ಕೆ ಅದುಮಿದ ಸ್ಲೀಪಿಂಗ್ ಬ್ಯಾಗಿನ ತಳ ನೆಲದ ತಂಡಿಯನ್ನು ತಡೆಯಲಾರದು.

ಬೆನ್ನಿನ ಬ್ಯಾಗನ್ನು ಕೊನೆಗೆ ಕೊಳ್ಳಿ. ಉಳಿದದ್ದೆಲ್ಲ ಸಣ್ಣದಾದ ಮೇಲೆ 2.2 ಕಿಲೋದ 60 ಲೀಟರ್ ಬ್ಯಾಗು ಬೇಕಿಲ್ಲ, 1.2 ಕಿಲೋದ 45 ಲೀಟರ್ ಸಾಕು. ಮೊದಲೇ ಹಗುರ ಬ್ಯಾಗು ಕೊಂಡು ಅದಕ್ಕೆ 16 ಕಿಲೋ ತುಂಬಿದರೆ ಸೊಂಟದ ಪಟ್ಟಿ ಭಾರ ತಾಳದೆ ಎಲ್ಲವೂ ಹೆಗಲಿಗೆ ಬೀಳುತ್ತದೆ.

ಬಟ್ಟೆ ಎರಡೇ ಜೊತೆ: ನಡೆಯಲು ಒಂದು, ಮಲಗಲು ಒಂದು. ಬೆಳಿಗ್ಗೆ ನಡೆಯುವ ಬಟ್ಟೆ ಇನ್ನೂ ಹಸಿಯಿದ್ದರೆ ಹಸಿಯಾಗಿಯೇ ತೊಡಬೇಕು, ಹತ್ತು ನಿಮಿಷ ಹತ್ತಿದರೆ ಮೈ ಬಿಸಿಗೆ ಆರತೊಡಗುತ್ತದೆ. ಮಲಗುವ ಜೊತೆ ಮಾತ್ರ ಎಂದೂ ನೆನೆಯಬಾರದು. ಜೀನ್ಸ್, ಹತ್ತಿ ಟೀ ಶರ್ಟು ಮನೆಯಲ್ಲೇ ಇರಲಿ. ನೆಂದರೆ ಆ ತಂಡಿಯಲ್ಲಿ ರಾತ್ರಿಯಿಡೀ ಹರಡಿದರೂ ಒಣಗುವುದಿಲ್ಲ.

ಇನ್ನು ಊಟ. ನಮ್ಮ ಅಡುಗೆಮನೆ ಇಲ್ಲಿ ನಿಜಕ್ಕೂ ಕೈಹಿಡಿಯುತ್ತದೆ. ನೋಡಬೇಕಾದದ್ದು 100 ಗ್ರಾಂಗೆ ಎಷ್ಟು ಕ್ಯಾಲೊರಿ ಎಂದು: ಸೇಬು 52, ಅವಲಕ್ಕಿ 350, ಶೇಂಗಾ 560ರ ಮೇಲೆ, ಒಣಕೊಬ್ಬರಿ 660, ತುಪ್ಪ 900ರ ಹತ್ತಿರ. ಹಣ್ಣು, ಬ್ರೆಡ್ಡು, ಟಿನ್ ಡಬ್ಬಿ ಹೊತ್ತರೆ ನೀರನ್ನೂ ತಗಡನ್ನೂ ಹೊತ್ತಂತೆ. ದಿನಕ್ಕೆ ಒಬ್ಬರಿಗೆ 600 ಗ್ರಾಂ ಲೆಕ್ಕ: ಅವಲಕ್ಕಿ, ಹುರಿದ ರವೆ, ಶ್ಯಾವಿಗೆ ಸೇರಿ 250, ಶೇಂಗಾ, ಕೊಬ್ಬರಿ 120, ಬೆಲ್ಲ ಅಥವಾ ಚಿಕ್ಕಿ 80, ಹಾಲಿನ ಪುಡಿ 50, ತುಪ್ಪ 40, ಉಳಿದ 60ರಲ್ಲಿ ಹುರಿಹಿಟ್ಟು, ಚಟ್ನಿಪುಡಿ, ಸೂಪಿನ ಪುಡಿ. ಇದು ಸುಮಾರು 2,700 ಕ್ಯಾಲೊರಿ. ಪ್ರತಿ ದಿನದ್ದನ್ನು ಬೇರೆ ಚೀಲದಲ್ಲಿ ಕಟ್ಟಿ, ಇಲ್ಲದಿದ್ದರೆ ಚಿಕ್ಕಿ ಎರಡನೇ ದಿನಕ್ಕೇ ಖಾಲಿ.

ಅಕ್ಕಿ, ಬೇಳೆ ಒಯ್ಯಬೇಡಿ. 3,900 ಮೀಟರಿನಲ್ಲಿ ನೀರು 87 ಡಿಗ್ರಿ ಸುಮಾರಿಗೇ ಕುದಿಯುತ್ತದೆ. ಬೇಳೆ ಬೇಯುವುದಿಲ್ಲ, ಗ್ಯಾಸು ಮುಗಿಯುತ್ತದೆ. ಕುದಿನೀರು ಸುರಿದು ಮುಚ್ಚಿಟ್ಟರೆ ಆಗುವಂಥದ್ದೇ ಬೇಕು. ಗಾಳಿಯಿಲ್ಲದ ಕಡೆ ಮುಚ್ಚಳ ಹಾಕಿ ಕಾಯಿಸಿದರೆ ಲೀಟರಿಗೆ 12–15 ಗ್ರಾಂ ಗ್ಯಾಸು; ದಿನಕ್ಕೆ 3 ಲೀಟರ್ ಕಾಯಿಸುವ ಇಬ್ಬರಿಗೆ 230 ಗ್ರಾಂ ಡಬ್ಬಿ ಐದು ದಿನಕ್ಕೆ ಸರಿಹೋಗುತ್ತದೆ. ಗಾಳಿಗೆ ಕಲ್ಲಿನ ಮರೆ ಹುಡುಕಿ, ಡಬ್ಬಿಯ ಸುತ್ತ ಮಾತ್ರ ತಗಡಿನ ಮರೆ ಕಟ್ಟಬೇಡಿ, ಡಬ್ಬಿಯೇ ಕಾದು ಅಪಾಯ. ವಿಮಾನದಲ್ಲೂ ರೈಲಿನಲ್ಲೂ ಗ್ಯಾಸು ಒಯ್ಯುವಂತಿಲ್ಲ, ಮನಾಲಿಯಲ್ಲೇ ಕೊಳ್ಳಬೇಕು.

ಸ್ಟೀಲ್ ಬಾಟಲಿ ಬದಲು 30 ಗ್ರಾಂನ ಪ್ಲಾಸ್ಟಿಕ್ ಬಾಟಲಿ ಎರಡು. ದಾರಿಯುದ್ದಕ್ಕೂ ಹೊಳೆ ಇರುವುದರಿಂದ ಒಂದನ್ನು ಮಾತ್ರ ತುಂಬುತ್ತೇನೆ. ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಕಾದು ಕುಡಿಯುವುದು.

ಎಷ್ಟೇ ಇಳಿಸಿದರೂ ಡೌನ್ ಜಾಕೆಟ್, ಮಳೆಯಂಗಿ, ಟಾರ್ಚು, ಔಷಧಿ ಬಿಡಬಾರದು. ಮಾತ್ರೆಯ ಪಟ್ಟಿ ಕತ್ತರಿಸುವಾಗ ಹೆಸರು, ಅವಧಿ ಮುದ್ರಿಸಿದ ಭಾಗ ಉಳಿಸಿಕೊಳ್ಳಿ. 300 ಗ್ರಾಂ ಆದರೂ ಚಪ್ಪಲಿಯೂ ಬೇಕು, ಹಿಂದೆ ಪಟ್ಟಿ ಇರುವಂಥದ್ದು: ಹಿಮ ಕರಗಿದ ಹೊಳೆಯನ್ನು ಬರಿಗಾಲಲ್ಲಿ ದಾಟಿದರೆ ಕಾಲು ಮರಗಟ್ಟಿ ಕಲ್ಲಿನ ಮೇಲೆ ಹಿಡಿತ ಸಿಗುವುದಿಲ್ಲ.